‘ಪರಿಸರಸ್ನೇಹಿ’ ಅಂತ ಬರೆಯುವ ಮೊದಲು ಒಂದು ಬಕೆಟ್ ತನ್ನಿ

ಬೆಂಗಳೂರಿನ ಪೀಣ್ಯದಲ್ಲಿ, ನಲ್ಲಿಯ ಬಾಯಿಗೆ ಕೂರಿಸಿದರೆ ನೀರಿಗೆ ಗಾಳಿ ಬೆರೆಸಿ ಹರಿವು ಇಳಿಸುವ ಏರೇಟರ್ ಮಾಡುವ ಸಣ್ಣ ವರ್ಕ್‌ಶಾಪ್ ಒಂದಿದೆ. ಮಾಲೀಕರು, ಅವರ ಅಕ್ಕನ ಮಗ, ಹನ್ನೊಂದು ಜನ ಕೆಲಸಗಾರರು. 2024ರ ಮಾರ್ಚ್‌ನಲ್ಲಿ ಊರಿನ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟು, ಜಲಮಂಡಳಿಯು ಹೋಟೆಲು, ಕಾರ್ಖಾನೆ, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತಲ್ಲ, ಆಗ ಇವರ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ಆರ್ಡರಿನ ಹಿಂದೆಯೇ ಬ್ರೋಷರ್ ಬೇಕಾಯಿತು. ಡಿಸೈನರ್ ಮಾಡಿಕೊಟ್ಟ ಕರಡನ್ನು ಮಾಲೀಕರು ನನ್ನ ಮುಂದಿಟ್ಟು, “ಸ್ವಲ್ಪ ಸ್ಪೆಲ್ಲಿಂಗ್ ನೋಡ್ಬಿಡಿ ಮೇಡಂ” ಅಂದರು.

ಮೊದಲ ಸಾಲು ಹೀಗಿತ್ತು: ‘ವಿಶ್ವದರ್ಜೆಯ ಪರಿಸರಸ್ನೇಹಿ ತಂತ್ರಜ್ಞಾನ. ನಿಮ್ಮ ಮನೆಯ ನೀರಿನಲ್ಲಿ ಶೇ 90ರಷ್ಟು ಉಳಿತಾಯ!’

ಸ್ಪೆಲ್ಲಿಂಗ್ ಸರಿಯಾಗಿಯೇ ಇತ್ತು.

ಯಂತ್ರಗಳ ಮ್ಯಾನುಯಲ್ ಬರೆಯುವುದು ನನ್ನ ಹೊಟ್ಟೆಪಾಡು. ಈಚೆಗೆ ಇಂಥ ಸಣ್ಣ ಉದ್ಯಮಗಳ ಬ್ರೋಷರ್, ಕಾಗದಪತ್ರ, ಗ್ರಾಹಕರಿಗೆ ಕಳಿಸುವ ಮೆಸೇಜು ಎಲ್ಲವನ್ನೂ ನೋಡಿಕೊಡುತ್ತೇನೆ. ಇವೆಲ್ಲ ಬೇರೆ ಬೇರೆ ವಿದ್ಯೆ ಅಂತ ಜನ ತಿಳಿದಿದ್ದಾರೆ: ಹಸಿರು ಮಾತು ಮಾರ್ಕೆಟಿಂಗ್‌ನವರದು, ಮ್ಯಾನುಯಲ್ ಎಂಜಿನಿಯರ್‌ಗಳದು, ಕ್ಷಮೆ ಕೇಳುವ ಪತ್ರ ಮಾಲೀಕರದು. ನಾನು ಕಂಡಂತೆ ಮೂರಕ್ಕೂ ಪರೀಕ್ಷೆ ಒಂದೇ. ಪ್ರತಿ ವಾಕ್ಯದ ಮುಂದೆ ನಿಂತು ಕೇಳಬೇಕು: ನಾಳೆ ಯಾರಾದರೂ ಬಂದು ‘ಇದು ಹೇಗೆ?’ ಅಂದರೆ ಉತ್ತರ ಹೇಳುವವರು ಯಾರು, ಆಗ ಅವರ ಕೈಯಲ್ಲಿ ಏನಿರುತ್ತದೆ? ಆ ವರ್ಕ್‌ಶಾಪಿನ ಕಾಗದಗಳನ್ನು ನಾವು ತಿದ್ದಿದ ಕ್ರಮವನ್ನೇ ಕೆಳಗೆ ಕೊಟ್ಟಿದ್ದೇನೆ. ನಿಮ್ಮದು ಬಟ್ಟೆ ಚೀಲವಾಗಲಿ, ಪೇಂಟ್ ಆಗಲಿ, ಮೊಬೈಲ್ ಆ್ಯಪ್ ಆಗಲಿ, ಏರೇಟರ್ ಇರುವ ಜಾಗದಲ್ಲಿ ಅದನ್ನಿಟ್ಟು ಓದಿಕೊಳ್ಳಿ.

1. ಪೆನ್ಸಿಲ್ ಹಿಡಿದು ಜೋರಾಗಿ ಓದಿ

ಕರಡನ್ನು ಪ್ರಿಂಟ್ ತೆಗೆಯಿರಿ. ಮಾಡುವವರು, ಮಾರುವವರು, ದೂರು ಕೇಳಿಸಿಕೊಳ್ಳುವವರು, ಮೂವರನ್ನೂ ಕೂರಿಸಿ. ಒಬ್ಬರು ಜೋರಾಗಿ ಓದಲಿ. ಹೊಗಳಿಕೆಯ ಪದ ಬಂದಲ್ಲೆಲ್ಲ ನಿಲ್ಲಿಸಿ, ಉತ್ತರ ಯಾರದು ಅಂತ ಕೇಳಿ.

‘ಪರಿಸರಸ್ನೇಹಿ’ ಬಂದಾಗ ಮಾಲೀಕರು ಅಳಿಯನ ಮುಖ ನೋಡಿದರು. ಅಳಿಯ ಡಿಸೈನರ್‌ಗೆ ಫೋನ್ ಮಾಡಿದ. ಹಿಂದೆ ಮಾಡಿದ್ದ ಟೈಲ್ಸ್ ಅಂಗಡಿಯ ಬ್ರೋಷರಿನಿಂದ ಎತ್ತಿಕೊಂಡೆ ಅಂತ ಆತ ಸಂಕೋಚವಿಲ್ಲದೆ ಹೇಳಿದ. ಅಲ್ಲಿಗೆ ಆ ಪದಕ್ಕೆ ಗೆರೆ ಬಿತ್ತು. ‘ವಿಶ್ವದರ್ಜೆ’ಯ ಬಗ್ಗೆ ಚರ್ಚೆಗೇ ಕೂರಬೇಡಿ, ಹೊಡೆದುಹಾಕಿ. ಶೇ 90ರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟೆವು. ಕೊನೆಗೆ ಹಾಳೆಯಲ್ಲಿ ಉಳಿದದ್ದು ಹಿತ್ತಾಳೆಯ ಮೈ, ತ್ರೆಡ್ (ತಿರುಪಿನ ಸುತ್ತು) ಅಳತೆ, ಬೆಲೆ, ಫೋನ್ ನಂಬರ್. ಹಾಳೆ ಇಷ್ಟು ಖಾಲಿ ಕಂಡರೆ ಗಾಬರಿ ಬೇಡ, ಅದನ್ನು ತುಂಬುವುದು ಮುಂದಿನ ಕೆಲಸ.

2. ಅಳೆಯಿರಿ, ಅಳೆದವರ ಹೆಸರು ಬರೆಯಿರಿ

ಶುರುವಿಗೆ ಲ್ಯಾಬ್ ಬೇಕಿಲ್ಲ. ಒಂದು ಬಕೆಟ್, ಒಂದು ಲೀಟರಿನ ಬಾಟಲಿ, ಫೋನಿನ ಸ್ಟಾಪ್‌ವಾಚ್ ಸಾಕು. ಬಾಟಲಿಯಿಂದ ಹತ್ತು ಸಲ ಹೊಯ್ದು, ನೀರು ಎಲ್ಲಿಗೆ ಬಂತೋ ಅಲ್ಲಿ ಮಾರ್ಕರಿನಿಂದ ಗೆರೆ ಎಳೆಯಿರಿ. ಬಕೆಟ್ಟಿನ ಮೇಲೆ ಅಚ್ಚಾಗಿ ಬಂದ ಗೆರೆಗಳನ್ನು ನಂಬಬೇಡಿ. ನಲ್ಲಿಯನ್ನು ಪೂರ್ತಿ ತೆರೆದು, ಗೆರೆ ಮುಟ್ಟಲು ಎಷ್ಟು ಸೆಕೆಂಡ್ ಬೇಕು ಅಂತ ನೋಡಿ. ಏರೇಟರ್ ಇಲ್ಲದೆ ಮೂರು ಸಲ, ಹಾಕಿ ಮೂರು ಸಲ. ದಿನಾಂಕ, ಮಹಡಿ, ಅಳೆದವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಇರಲಿ.

ನೆಲಮಹಡಿಯಲ್ಲಿ ಹತ್ತು ಲೀಟರ್ ತುಂಬಲು 50 ಸೆಕೆಂಡ್ ಹಿಡಿಯಿತು, ಅಂದರೆ ನಿಮಿಷಕ್ಕೆ 12 ಲೀಟರ್. ಏರೇಟರ್ ಹಾಕಿದ ಮೇಲೆ 150 ಸೆಕೆಂಡ್, ನಿಮಿಷಕ್ಕೆ 4 ಲೀಟರ್. ಹರಿವು ಶೇ 67ರಷ್ಟು ಇಳಿದಿತ್ತು. ಮಾಲೀಕರಿಗೆ ಸ್ವಲ್ಪ ಬೇಜಾರಾದರೂ ಪರವಾಗಿಲ್ಲ ಅನ್ನಿಸಿತು. ಆಮೇಲೆ ಮೂರನೇ ಮಹಡಿಗೆ, ಟ್ಯಾಂಕಿನ ಕೆಳಗೇ ಇರುವ ನಲ್ಲಿಗೆ ಹೋದೆವು. ಅಲ್ಲಿ ಮೊದಲೇ ನಿಮಿಷಕ್ಕೆ 5 ಲೀಟರ್. ಏರೇಟರ್ ಹಾಕಿದರೆ 3. ಇಳಿಕೆ ಶೇ 40, ಜೊತೆಗೆ ಧಾರೆ ನೂಲಿನಷ್ಟು ಸಣ್ಣ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ ಇರುತ್ತದೆ. ಟ್ಯಾಂಕ್ ತಲೆಯ ಮೇಲೇ ಇದ್ದರೆ ಅಷ್ಟು ಎತ್ತರ ಇಲ್ಲ, ಅಷ್ಟು ಒತ್ತಡವೂ ಇಲ್ಲ. ಒಂದೇ ಮಾಲು, ಒಂದೇ ಕಟ್ಟಡ, ಎರಡು ಸಂಖ್ಯೆ.

ಮತ್ತೆ ಆ 90 ಎಲ್ಲಿಂದ ಬಂತು? ಮಂಜಿನಂತೆ ನೀರು ಸಿಂಪಡಿಸುವ ಬೇರೆ ಜಾತಿಯ ನಾಜಲ್‌ನ ಜಾಹೀರಾತಿನಿಂದ.

ಇಷ್ಟೆಲ್ಲ ಆದ ಮೇಲೆ ಬಕೆಟ್ ಹಿಡಿದು ನಿಂತಿದ್ದ ಹುಡುಗ ಮೆಲ್ಲಗೆ ಕೇಳಿದ: “ಸಾರ್, ಬಕೆಟ್ ತುಂಬ್ಸೋಕೆ ಅದೇ ಹತ್ತು ಲೀಟರ್ ಬೇಕಲ್ವಾ? ಉಳಿದಿದ್ದೇನು?”

ಎಲ್ಲರೂ ಸುಮ್ಮನಾದೆವು. ಆತ ಹೇಳಿದ್ದು ಪೂರ್ತಿ ನಿಜ. ಬಕೆಟ್ಟಿನಲ್ಲಿ ಸ್ನಾನ ಮಾಡುವ, ಬಿಂದಿಗೆಯಲ್ಲಿ ಹಿಡಿದಿಡುವ ಮನೆಗಳಲ್ಲಿ ಏರೇಟರ್ ಹೊತ್ತನ್ನು ಹೆಚ್ಚಿಸುತ್ತದೆಯೇ ಹೊರತು ನೀರನ್ನು ಉಳಿಸುವುದಿಲ್ಲ. ಟಾಯ್ಲೆಟ್ ಫ್ಲಷ್, ವಾಷಿಂಗ್ ಮಷಿನ್ ಕೂಡ ಅದರ ದಾರಿಯಲ್ಲಿ ಇಲ್ಲ. ದೊಡ್ಡ ಊರುಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂದು ಸರ್ಕಾರಿ ಯೋಜನೆಗಳು ಲೆಕ್ಕ ಹಾಕುತ್ತವೆ. ಅದರಲ್ಲಿ ಕೈ, ಪಾತ್ರೆ, ತರಕಾರಿ ತೊಳೆಯುವ ಪಾಲಿಗೆ ಮಾತ್ರ ಈ ಶೇ 67 ಅನ್ವಯಿಸುತ್ತದೆ. ‘ಮನೆಯ ನೀರು’ ಎಂಬ ಎರಡು ಪದ ತಪ್ಪು, ಸಂಖ್ಯೆಯಷ್ಟೇ ಅಲ್ಲ.

ಅಳೆಯುವಾಗ ನಿಮ್ಮ ಮಾಲನ್ನು ದಿನಾ ಮುಟ್ಟುವ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

3. ಮಾತಿಗೆ ಬೇಲಿ ಹಾಕಿ

ಈಗ ಬರೆಯಿರಿ. ಸಂಖ್ಯೆಯ ಜೊತೆಗೆ ಎಲ್ಲಿ, ಯಾವಾಗ, ಯಾವ ಕೆಲಸಕ್ಕೆ ಅನ್ನುವುದೂ ಅದೇ ವಾಕ್ಯದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಇರಬೇಕು. ನಕ್ಷತ್ರ ಚಿಹ್ನೆ ಹಾಕಿ ಕೆಳಗೆ ಇರುವೆ ಗಾತ್ರದಲ್ಲಿ ‘ಷರತ್ತುಗಳು ಅನ್ವಯ’ ಅಂತ ಬರೆದರೆ ಬೇಲಿ ಹಾಕಿದಂತೆ ಅಲ್ಲ, ಬೇಲಿ ಬಚ್ಚಿಟ್ಟಂತೆ.

ನಮ್ಮದು ಹೀಗಾಯಿತು: ‘ನೆಲಮಹಡಿಯ ನಲ್ಲಿಯಲ್ಲಿ ಅಳೆದಾಗ ನಿಮಿಷಕ್ಕೆ 12 ಲೀಟರ್ ಬರುತ್ತಿದ್ದ ನೀರು, ಏರೇಟರ್ ಹಾಕಿದ ಮೇಲೆ 4 ಲೀಟರ್ ಬಂತು. ಕೈ, ಪಾತ್ರೆ, ತರಕಾರಿ ತೊಳೆಯುವ ನಲ್ಲಿಗೆ ಹಾಕಿ. ಬಕೆಟ್ ತುಂಬಿಸುವ ನಲ್ಲಿಗೆ ಬೇಡ, ಅಲ್ಲಿ ನೀರು ಉಳಿಯುವುದಿಲ್ಲ. ಟ್ಯಾಂಕಿನ ಕೆಳಗೇ ಇರುವ ಮಹಡಿಯಲ್ಲಿ ಧಾರೆ ಸಣ್ಣದಾಗುತ್ತದೆ. ಮೊದಲು ಒಂದು ಹಾಕಿ ನೋಡಿ, ಆಮೇಲೆ ಮಿಕ್ಕದ್ದು ಕೊಳ್ಳಿ.’

“ನಾವೇ ಬೇಡ ಅಂದ್ರೆ ಕೊಳ್ಳೋರು ಯಾರು ಮೇಡಂ?” ಅಂದರು ಮಾಲೀಕರು. ನ್ಯಾಯವಾದ ಪ್ರಶ್ನೆ. ನಿಜ ಹೇಳಿದರೆ ವ್ಯಾಪಾರ ಹೆಚ್ಚುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ; ಸುಳ್ಳು ಬ್ರೋಷರ್ ಹಿಡಿದು ಚೆನ್ನಾಗಿ ವ್ಯಾಪಾರ ಮಾಡಿದವರನ್ನೂ ನೋಡಿದ್ದೇನೆ. ಆದರೆ ಇವರ ಮಾಲು ಕೊಳ್ಳುವವರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು, ಒಂದೇ ಸಲ ಮುನ್ನೂರು, ನಾನೂರು. ಮೇಲಿನ ಮಹಡಿಯವರೆಲ್ಲ ಒಟ್ಟಿಗೆ ದೂರು ಕೊಟ್ಟರೆ ಆ ಕಾರ್ಯದರ್ಶಿ ಯಾರಿಗೆ ಫೋನ್ ಮಾಡುತ್ತಾರೆ? ಮಾಲೀಕರು ಎರಡು ದಿನ ಯೋಚಿಸಿ ಒಪ್ಪಿದರು. ಅಳಿಯ ಇನ್ನೂ ಪೂರ್ತಿ ಒಪ್ಪಿಲ್ಲ.

ಇದೇ ಶಿಸ್ತಿನಲ್ಲಿ ದುಡ್ಡಿನ ಲೆಕ್ಕವನ್ನೂ ಹೇಳಬಹುದು. ನೂರು ಜನರ ಕಚೇರಿ, ತಲೆಗೆ ದಿನಕ್ಕೆ ಐದು ಸಲ ಕೈತೊಳೆತ, ಪ್ರತಿ ಸಲ ನಲ್ಲಿ 20 ಸೆಕೆಂಡ್ ತೆರೆದಿರುತ್ತದೆ ಅಂತಿಟ್ಟುಕೊಳ್ಳಿ. ಸಲಕ್ಕೆ 4 ಲೀಟರ್ ಹೋಗುತ್ತಿದ್ದ ಕಡೆ 1.33 ಲೀಟರ್; ದಿನಕ್ಕೆ ಉಳಿದದ್ದು ಸುಮಾರು 1,330 ಲೀಟರ್. ಒಂಬತ್ತು ದಿನಕ್ಕೆ 12,000 ಲೀಟರಿನ ಒಂದು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ 5 ಕಿ.ಮೀ. ಒಳಗೆ ಅಂಥ ಟ್ಯಾಂಕರಿಗೆ ಗೊತ್ತುಮಾಡಿದ್ದ ದರ 1,000 ರೂಪಾಯಿ. ಹಾಗೆ ಊಹೆಗಳನ್ನೆಲ್ಲ ಮೇಲೆ ಬರೆದು ಲೆಕ್ಕ ಕೆಳಗೆ ಕೊಟ್ಟರೆ, ಓದುವವರು ತಮ್ಮ ಕಚೇರಿಯ ಸಂಖ್ಯೆ ಹಾಕಿ ತಾವೇ ನೋಡಿಕೊಳ್ಳುತ್ತಾರೆ. ‘ಸಾವಿರಾರು ರೂಪಾಯಿ ಉಳಿಸಿ’ ಅಂದರೆ ಏನು ನೋಡಿಕೊಳ್ಳುವುದು?

4. ಕಾನೂನು ಏನು ಕೇಳುತ್ತದೆ ಅಂತ ತಿಳಿದು ಫೈಲ್ ಇಡಿ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ, ಹಸಿರು ಬಣ್ಣ ಬಳಿಯುವ ಜಾಹೀರಾತುಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಹೊರಡಿಸಿತು. ಗ್ರೀನ್‌ವಾಷಿಂಗ್ ಅಂತ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದರ ತಿರುಳು ಇಷ್ಟು: ‘ಗ್ರೀನ್’, ‘ಇಕೋ ಫ್ರೆಂಡ್ಲಿ’, ‘ಸುಸ್ಥಿರ’, ‘ನೈಸರ್ಗಿಕ’, ‘ಕಾರ್ಬನ್ ನ್ಯೂಟ್ರಲ್’ ಮುಂತಾದ ಸಾಮಾನ್ಯ ಪದಗಳನ್ನು ತಕ್ಕ ವಿವರಣೆ, ಪುರಾವೆ ಇಲ್ಲದೆ ಬಳಸುವಂತಿಲ್ಲ. ನೀವು ಹೇಳುತ್ತಿರುವುದು ಇಡೀ ವಸ್ತುವಿಗೋ, ಅದರ ಭಾಗಕ್ಕೋ, ತಯಾರಿಕೆಗೋ, ಪ್ಯಾಕಿಂಗಿಗೋ ಅನ್ನುವುದು ಸ್ಪಷ್ಟವಾಗಿರಬೇಕು. ಹೋಲಿಸಿದರೆ ಏನನ್ನು ಹೋಲಿಸಿದಿರಿ ಅಂತ ತೋರಿಸಬೇಕು. ‘2030ಕ್ಕೆ ಹೀಗೆ ಮಾಡುತ್ತೇವೆ’ ಅನ್ನುವಂಥ ಮಾತಿಗೆ ಕಾರ್ಯಯೋಜನೆ ಇರಬೇಕು. ತಾಂತ್ರಿಕ ಪದವನ್ನು ಜನರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಬೇಕು. ಹೆಚ್ಚಿನ ವಿವರವನ್ನು ಕ್ಯೂಆರ್ ಕೋಡ್ ಮೂಲಕ ಕೊಡಬಹುದು. ಮಾಲು ಮಾಡಿದವರಿಗಷ್ಟೇ ಅಲ್ಲ, ಜಾಹೀರಾತು ಏಜೆನ್ಸಿಗೂ ಇದು ಅನ್ವಯಿಸುತ್ತದೆ ಅಂತ ನಮ್ಮ ಡಿಸೈನರ್‌ಗೆ ಹೇಳಿದಾಗ ಆತ ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತ. ದಾರಿತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ಚಿತ್ರವೂ ಮಾತಾಡುತ್ತದೆ. ಕರಡಿನಲ್ಲಿ ದುಂಡಗಿನ ಮುದ್ರೆಯೊಳಗೆ ಎರಡು ಎಲೆ ಬರೆದಿದ್ದರು, ಥೇಟ್ ಯಾವುದೋ ಸಂಸ್ಥೆ ಕೊಟ್ಟ ಪ್ರಮಾಣಪತ್ರದ ಹಾಗೆ. ಕೇಂದ್ರ ಸರ್ಕಾರ 1991ರಲ್ಲಿ ಶುರುಮಾಡಿದ ಇಕೋಮಾರ್ಕ್‌ಗೆ ಮಣ್ಣಿನ ಮಡಕೆಯ ಗುರುತಿತ್ತು. ಅಂಥದ್ದನ್ನು ಪರೀಕ್ಷೆ ಮಾಡಿಸಿ ಗಳಿಸಬೇಕು, ಫೋಟೋಶಾಪ್‌ನಲ್ಲಿ ಅಲ್ಲ. ಎಲೆಗಳು ಹೋದವು.

ಫೈಲ್ ವಿಷಯ ಚಿಕ್ಕದು. ಬ್ರೋಷರಿನ ಪ್ರತಿ ಸಂಖ್ಯೆಗೆ ಒಂದು ಪುಟ: ಅಳತೆಯ ನೋಟು, ಫೋಟೋ, ಲ್ಯಾಬ್ ವರದಿ ಇದ್ದರೆ ಅದರ ಪ್ರತಿ, ಸರಬರಾಜುದಾರರ ಪತ್ರ, ಉತ್ತರ ಹೇಳುವವರ ಹೆಸರು. ಪುಟ ಇಲ್ಲದ ಸಂಖ್ಯೆ ಬ್ರೋಷರಿನಲ್ಲಿ ಇರಬಾರದು.

5. ಹಸಿರು ಪದಗಳ ಕನ್ನಡವನ್ನು ಒರೆಗೆ ಹಚ್ಚಿ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಈ ತೊಡಕು ನಮ್ಮದೇ ಭಾಷೆಯದು.

ಡಬ್ಬಿಯ ಮೇಲೆ ‘ಮರುಬಳಕೆಯ ಪ್ಲಾಸ್ಟಿಕ್’ ಅಂತಿತ್ತು. ಇದಕ್ಕೆ ಮೂರು ಅರ್ಥ. ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದು. ಮುಂದೆ ಕರಗಿಸಿ ಬೇರೇನಾದರೂ ಮಾಡಬಹುದಾದದ್ದು. ತೊಳೆದು ಇನ್ನೊಮ್ಮೆ ಬಳಸಬಹುದಾದದ್ದು. ಮೂರೂ ಬೇರೆ, ಮೂರಕ್ಕೂ ಪುರಾವೆ ಬೇರೆ, ಆದರೆ ಕನ್ನಡದಲ್ಲಿ ಮೂರಕ್ಕೂ ನಾವು ‘ಮರುಬಳಕೆ’ ಅಂದುಬಿಡುತ್ತೇವೆ. ವಿಚಾರಿಸಿದಾಗ ಇವರದು ಎರಡನೆಯದು, ಅದೂ ಡಬ್ಬಿಯ ಮೇಲಿನ ಪಾರದರ್ಶಕ ಭಾಗಕ್ಕಷ್ಟೇ. ಪದ ಹುಡುಕುವುದನ್ನು ಬಿಟ್ಟು ಕ್ರಿಯೆ ಹೇಳಿಬಿಡಿ: ‘ರಟ್ಟು, ಪ್ಲಾಸ್ಟಿಕ್ ಬೇರೆ ಬೇರೆ ಮಾಡಿ ಒಣಕಸಕ್ಕೆ ಹಾಕಿ.’ ಬೆಂಗಳೂರಿನ ಮನೆಗಳಿಗೆ ಹಸಿಕಸ, ಒಣಕಸ ಅಂದರೆ ವಿವರಣೆ ಬೇಡ. ಗಾಡಿಯ ಹತ್ತಿರ ನಿಂತು ಚೀಲ ಬಿಚ್ಚಿ ನೋಡುವ ಪೌರಕಾರ್ಮಿಕರಿಗೂ ಆ ಮಾತು ತಿಳಿಯುತ್ತದೆ.

‘ಜೈವಿಕ ವಿಘಟನೀಯ’ ಅನ್ನುವುದು ಇನ್ನೊಂದು. ನಮ್ಮಮ್ಮನಿಗೆ ಓದಿ ಹೇಳಿದರೆ ‘ಔಷಧಿಯಾ?’ ಅಂದಾರು. ‘ಕೊಳೆಯುತ್ತದೆ’ ಅನ್ನಿ. ಅಂದ ಕೂಡಲೇ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಎಲ್ಲಿ, ಎಷ್ಟು ದಿನಕ್ಕೆ? ಕಾಂಪೋಸ್ಟ್ ಆಗುವ ಚೀಲಗಳಲ್ಲಿ ಹಲವು ದೊಡ್ಡ ಘಟಕದ ಬಿಸಿಯಲ್ಲಿ ಕೊಳೆಯುತ್ತವೆಯೇ ಹೊರತು ಬಾಲ್ಕನಿಯ ಕಾಂಪೋಸ್ಟ್ ಮಡಕೆಯಲ್ಲಿ ಅಷ್ಟು ಬೇಗ ಅಲ್ಲ, ಮೋರಿಯಲ್ಲಂತೂ ಅಲ್ಲ. ಸಂಸ್ಕೃತ ಪದ ಆ ಪ್ರಶ್ನೆಯನ್ನು ಮುಚ್ಚಿಟ್ಟಿತ್ತು, ಅಚ್ಚಗನ್ನಡ ಬಯಲಿಗೆಳೆಯಿತು. ಸಂಸ್ಕೃತ ಬೇಡವೆಂದಲ್ಲ, ‘ಪರಿಸರ’ ಇಲ್ಲದೆ ನಾನೂ ಬರೆಯಲಾರೆ. ಪದ ಗಂಭೀರವಾಗಿ ಕೇಳಿಸಿದಾಗ ಒಳಗೆ ಏನಿದೆ ಅಂತ ತಟ್ಟಿ ನೋಡಿ, ಹಲಸಿನಹಣ್ಣು ತಟ್ಟಿ ನೋಡುವ ಹಾಗೆ.

6. ದೊಡ್ಡ ಗಿರಾಕಿಯ ಪ್ರಶ್ನಾವಳಿ ಬಂದಾಗ

ಷೇರುಪೇಟೆಯಲ್ಲಿರುವ ಅತಿದೊಡ್ಡ 1,000 ಕಂಪನಿಗಳು 2022-23ರಿಂದ ಷೇರುಪೇಟೆಯ ನಿಯಂತ್ರಕ ಸೆಬಿಗೆ ಪರಿಸರ, ಸಮಾಜ, ಆಡಳಿತದ ಬಗ್ಗೆ ಬಿಆರ್‌ಎಸ್‌ಆರ್ ಎಂಬ ವರದಿ ಕೊಡಲೇಬೇಕು. ಅವರು ತಮಗೆ ಮಾಲು ಕೊಡುವವರನ್ನೂ ಕೇಳುತ್ತಾರೆ. ಹೊರವರ್ತುಲ ರಸ್ತೆಯ ಒಂದು ದೊಡ್ಡ ಕಚೇರಿಯಿಂದ ಇವರಿಗೂ ನಲವತ್ತು ಪ್ರಶ್ನೆಗಳ ಎಕ್ಸೆಲ್ ಬಂತು. ಅಳಿಯ ಉತ್ಸಾಹದಲ್ಲಿ ‘ಸಂಪೂರ್ಣ ಸೌರಶಕ್ತಿಯಿಂದ ತಯಾರಿಕೆ’ ಅಂತ ತುಂಬಿದ್ದ. ಚಾವಣಿಯ ಮೇಲೆ 5 ಕಿಲೋವ್ಯಾಟ್ ಫಲಕ ಇರುವುದು ನಿಜ.

ಬೆಸ್ಕಾಂ ಬಿಲ್ ತೆಗೆದು ಕೂತೆವು. ತಿಂಗಳ ಬಳಕೆ ಒಟ್ಟು 2,400 ಯೂನಿಟ್, ಫಲಕಗಳಿಂದ ಬಂದದ್ದು 600. ಅಂದರೆ ಕಾಲುಭಾಗ. ಗ್ರಿಡ್ ವಿದ್ಯುತ್ತಿನ ಒಂದು ಯೂನಿಟ್‌ಗೆ ದೇಶದ ಸರಾಸರಿಯಲ್ಲಿ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಹಾಗಾಗಿ ಫಲಕಗಳಿಂದ ತಿಂಗಳಿಗೆ ತಪ್ಪಿದ್ದು ಸುಮಾರು 420 ಕೆ.ಜಿ., ಮಿಕ್ಕ 1,800 ಯೂನಿಟ್‌ನಿಂದ ಬಿದ್ದದ್ದು ಸುಮಾರು 1,260 ಕೆ.ಜಿ. ಕರೆಂಟ್ ಹೋದಾಗ ಓಡುವ ಜನರೇಟರಿನ ಡೀಸೆಲ್ ಬೇರೆ, ಲೀಟರಿಗೆ ಸುಮಾರು 2.7 ಕೆ.ಜಿ. ಇಷ್ಟನ್ನೂ ಬರೆದೆವು. ಹಿತ್ತಾಳೆ ಕರಗಿಸುವಾಗ ಆಗುವ ಹೊರಸೂಸುವಿಕೆ ಎಷ್ಟು ಎಂಬ ಕಲಂನಲ್ಲಿ ‘ನಾವು ಅಳೆದಿಲ್ಲ, ಸರಬರಾಜುದಾರರನ್ನು ಕೇಳಿದ್ದೇವೆ’ ಅಂತ ಬರೆದೆವು. ಖಾಲಿ ಬಿಡುವುದಕ್ಕಿಂತ, ಅಂದಾಜಿಗೆ ಒಂದು ಸಂಖ್ಯೆ ತುಂಬುವುದಕ್ಕಿಂತ ಆ ಉತ್ತರ ಮೇಲು. ಅದನ್ನು ನೋಡಿ ಆರ್ಡರ್ ರದ್ದಾಗಲಿಲ್ಲ. ಎಕ್ಸೆಲ್ ಕಳಿಸಿದ ಹುಡುಗಿ ಫೋನ್ ಮಾಡಿ ಇನ್ನೂ ಆರು ಪ್ರಶ್ನೆ ಕೇಳಿದಳು, ಅಷ್ಟೇ.

7. ಕೆಟ್ಟ ಸುದ್ದಿಗೆ ಕರ್ತೃಪದ ಕೊಡಿ

ಜೂನ್‌ನಲ್ಲಿ ಕಳಿಸಿದ ಒಂದಷ್ಟು ಏರೇಟರ್‌ಗಳು ಸೋರಿದವು. ಗ್ರಾಹಕರಿಗೆ ವಾಟ್ಸ್‌ಆ್ಯಪ್ ಮಾಡಲು ಅಳಿಯ ಬರೆದದ್ದು: ‘ತಾಂತ್ರಿಕ ಕಾರಣಗಳಿಂದ ಕೆಲವು ಉತ್ಪನ್ನಗಳಲ್ಲಿ ಸಣ್ಣಪುಟ್ಟ ಸಮಸ್ಯೆ ಕಂಡುಬಂದಿದ್ದು, ಶೀಘ್ರದಲ್ಲೇ ಸರಿಪಡಿಸಲಾಗುವುದು. ಅಡಚಣೆಗಾಗಿ ವಿಷಾದಿಸುತ್ತೇವೆ.’

ಓದಿ ನೋಡಿ, ಇದರಲ್ಲಿ ಮನುಷ್ಯರೇ ಇಲ್ಲ. ಸಮಸ್ಯೆ ತಾನಾಗಿ ‘ಕಂಡುಬಂದಿದೆ’, ಅದು ತಾನಾಗಿ ‘ಸರಿಪಡಿಸಲಾಗುವುದು’. ಈ ‘ಲಾಗುವುದು’ ಕಚೇರಿ ಸುತ್ತೋಲೆಗಳಿಂದ ನಮ್ಮೆಲ್ಲರ ನಾಲಗೆಗೆ ಹತ್ತಿದ ಚಾಳಿ. ಮಾತಿನಲ್ಲಿ ಅದರ ತಮ್ಮ ಒಬ್ಬನಿದ್ದಾನೆ: “ಆಗೋಯ್ತು ಸಾರ್, ಮಾಡೋಣ.” ಆದದ್ದು ಯಾರಿಂದ, ಮಾಡುವವರು ಯಾರು, ಯಾವಾಗ, ಒಂದೂ ಇಲ್ಲ, ಆದರೂ ಉತ್ತರ ಕೊಟ್ಟ ಹಾಗಾಯಿತು.

ಇಂಥ ಮೆಸೇಜು ಬರೆಯುವಾಗ ಈ ಕ್ರಮ ಹಿಡಿಯಿರಿ. ಮೊದಲು ಏನು ಕೆಟ್ಟಿದೆ, ಯಾವ ಮಾಲು. ಆಮೇಲೆ ಅದು ಯಾರ ತಪ್ಪು. ಆಮೇಲೆ ಯಾರು, ಎಂದು, ಏನು ಮಾಡುತ್ತಾರೆ. ಕೊನೆಗೆ ಅಲ್ಲಿಯವರೆಗೆ ಗ್ರಾಹಕರು ಏನು ಮಾಡಬೇಕು. ಕ್ಷಮೆ ಒಂದೇ ಸಲ ಕೇಳಿ, ಸಾಕು. ತಿದ್ದಿದ ಮೇಲೆ:

‘ಜೂನ್ 3ರಿಂದ 14ರವರೆಗೆ ನಾವು ಕಳಿಸಿದ ಏರೇಟರ್‌ಗಳ ವಾಷರ್ ಗಟ್ಟಿಯಾಗಿದೆ, ನೀರು ಸೋರುತ್ತದೆ. ಬಂದ ವಾಷರ್‌ಗಳನ್ನು ಪರೀಕ್ಷೆ ಮಾಡದೆ ಹಾಕಿದ್ದು ನಮ್ಮ ತಪ್ಪು, ಕ್ಷಮಿಸಿ. ಶನಿವಾರ ಸಂಜೆ 5ರೊಳಗೆ ನಮ್ಮ ಹುಡುಗರು ಬಂದು ಹೊಸ ವಾಷರ್ ಹಾಕಿಕೊಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಅಲ್ಲಿಯವರೆಗೆ ಏರೇಟರ್ ಬಿಚ್ಚಿಟ್ಟು ನಲ್ಲಿ ಬಳಸಿ.’

ಶನಿವಾರ ಆಗುವುದಿಲ್ಲ ಅಂತ ಗೊತ್ತಿದ್ದರೆ ಶನಿವಾರ ಅಂತ ಬರೆಯಬೇಡಿ. ಇದಕ್ಕಿಂತ ಹೆಚ್ಚಿಗೆ ಇಲ್ಲಿ ಹೇಳುವುದಿಲ್ಲ.

8. ಕೂರಿಸುವ ವಿಧಾನದ ಹಾಳೆ

ಡಬ್ಬಿಯೊಳಗಿನ ಹಾಳೆಯನ್ನು ಯಾರೂ ಮುಖ್ಯ ಅಂತ ಎಣಿಸುವುದಿಲ್ಲ, ಆದರೆ ನನಗೆ ಅದೇ ಪ್ರಾಮಾಣಿಕತೆಯ ನಿಜವಾದ ಪರೀಕ್ಷೆ. ಬ್ರೋಷರ್ ಓದುವವರು ಕುರ್ಚಿಯಲ್ಲಿ ಕೂತಿರುತ್ತಾರೆ; ಹಾಳೆ ಓದುವವರು ಸಿಂಕಿನ ಕೆಳಗೆ ಕುತ್ತಿಗೆ ಸೊಟ್ಟ ಮಾಡಿಕೊಂಡು, ಒದ್ದೆ ಕೈಯಲ್ಲಿ ಓದುತ್ತಾರೆ. ಮೂಲದಲ್ಲಿ ಇದ್ದದ್ದು:

‘ಹಳೆಯ ಫಿಲ್ಟರ್ ಬಿಚ್ಚಿ ತ್ರೆಡ್ ಸ್ವಚ್ಛಗೊಳಿಸಿ ವಾಷರ್ ಇರುವುದನ್ನು ಖಚಿತಪಡಿಸಿಕೊಂಡು ಹೊರ ತ್ರೆಡ್ ಇದ್ದಲ್ಲಿ ಅಡಾಪ್ಟರ್ ಬಳಸಿ ಪ್ರದಕ್ಷಿಣಾಕಾರವಾಗಿ ಬಿಗಿಗೊಳಿಸತಕ್ಕದ್ದು.’

ಒಂದೇ ವಾಕ್ಯ, ಐದು ಕೆಲಸ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಬಿಚ್ಚಿ, ಒರೆಸಿ, ಹಾಕಿ ಅಂತ ಕೆಲಸಗಳನ್ನು ರೈಲಿನ ಡಬ್ಬಿಗಳಂತೆ ಜೋಡಿಸುತ್ತ ಹೋಗಬಹುದು. ಕಥೆಗೆ ಅದು ಸೊಗಸು, ಹಾಳೆಗೆ ಅಪಾಯ. ‘ಬಿಚ್ಚಿ’ ಅಂದರೆ ‘ಬಿಚ್ಚಿದ ಮೇಲೆ’ ಅಂತಲೂ ಆಯಿತು, ‘ಬಿಚ್ಚಿರಿ’ ಅಂತ ಆಜ್ಞೆಯೂ ಆಯಿತು. ಹಾಗಾಗಿ ಒಂದು ಸಾಲಿಗೆ ಒಂದು ಕೆಲಸ, ಕೊನೆಯಲ್ಲಿ ಸಂದೇಹವಿಲ್ಲದ ‘-ಇರಿ’. ವಿಮಾನಗಳ ನಿರ್ವಹಣೆಯ ಕೈಪಿಡಿಗಳಿಗೆ ಸರಳ ತಾಂತ್ರಿಕ ಇಂಗ್ಲಿಷ್ ಎಂಬ ಕಟ್ಟಳೆಯೇ ಇದೆ. ಒಂದು ಸೂಚನಾ ವಾಕ್ಯಕ್ಕೆ ಹೆಚ್ಚೆಂದರೆ 20 ಪದ, ಒಂದು ಪದಕ್ಕೆ ಒಂದೇ ಅರ್ಥ. ವಿಮಾನ ತಯಾರಿಸುವ ಎಚ್‌ಎಎಲ್ ಇರುವ ಊರು ನಮ್ಮದು, ಆ ಶಿಸ್ತು ಬಲ್ಲವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಲ್ಲಿಗೂ ಅದೇ ಸಾಕು.

‘ಹೊರ ತ್ರೆಡ್’ ಅಂದರೆ ಯಾವುದರ ಹೊರಗೆ, ನಲ್ಲಿಯದೋ ಏರೇಟರಿನದೋ? ಹಳೆಯ ಇಂಗ್ಲಿಷ್ ಹಾಳೆಯಲ್ಲಿ ಹೊರ ತ್ರೆಡ್‌ಗೆ ಗಂಡು, ಒಳ ತ್ರೆಡ್‌ಗೆ ಹೆಣ್ಣು ಅಂತಿದ್ದದ್ದನ್ನು ಅನುವಾದದ ಯಂತ್ರ ‘ಸ್ತ್ರೀ ದಾರದ ನಲ್ಲಿ’ ಅಂತ ಮಾಡಿಟ್ಟಿತ್ತು. ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕೆಂಬ ಕಾನೂನು ಪಾಲಿಸಿದ ಅಂಗಡಿಗಳಲ್ಲೂ ಒಳಗೆ ಇಂಥ ಕನ್ನಡವೇ ಸಿಗುತ್ತದೆ. ಇಂಗ್ಲಿಷ್ ಬರೆದು ಅನುವಾದಿಸಬೇಡಿ. ಮಾಲನ್ನು ಕೈಯಲ್ಲಿ ಹಿಡಿದು, ಮಾಡುತ್ತ ಮಾಡುತ್ತ ಕನ್ನಡದಲ್ಲೇ ಬರೆಯಿರಿ.

‘ಬೇಕು’ ಎಂಬುದನ್ನೂ ಕಟ್ಟಿಹಾಕಿ. ಇಂಟರ್‌ನೆಟ್‌ನ ತಾಂತ್ರಿಕ ನಿಯಮಗಳನ್ನು ಬರೆಯುವವರು 1997ರಲ್ಲೇ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆಯಲ್ಲಿ ಕಡ್ಡಾಯ, ಸಲಹೆ, ಐಚ್ಛಿಕ ಮೂರಕ್ಕೂ ಬೇರೆ ಬೇರೆ ಪದ ಗೊತ್ತುಮಾಡಿಕೊಂಡರು. ನಾನು ಕನ್ನಡದಲ್ಲಿ ಹೀಗೆ ಇಟ್ಟುಕೊಂಡಿದ್ದೇನೆ: ಬಿಟ್ಟರೆ ಕೆಡುತ್ತದೆ ಅನ್ನುವುದಕ್ಕೆ ‘ಮಾಡಲೇಬೇಕು’, ಮಾಡಿದರೆ ಲೇಸು ಅನ್ನುವುದಕ್ಕೆ ‘ಮಾಡಿದರೆ ಒಳ್ಳೆಯದು’, ನಿಮ್ಮಿಷ್ಟ ಅನ್ನುವುದಕ್ಕೆ ‘ಬೇಕಿದ್ದರೆ ಮಾಡಿ’. ‘ಬಹುದು’ವನ್ನು ಹಾಳೆಯಿಂದಲೇ ಓಡಿಸಿದ್ದೇನೆ. ‘ನೀರು ಸೋರಬಹುದು’ ಅಂದರೆ ಸೋರಲು ಅನುಮತಿ ಇದೆಯೇ?

ಹೊಸ ಹಾಳೆ:

1. ನಲ್ಲಿ ಮುಚ್ಚಿರಿ.
2. ಬಾಯಲ್ಲಿ ಹಳೆಯ ಜಾಲರಿ ಇದ್ದರೆ ತೆಗೆಯಿರಿ.
3. ನಲ್ಲಿಯ ತ್ರೆಡ್ಡನ್ನು ಒಣಬಟ್ಟೆಯಲ್ಲಿ ಒರೆಸಿರಿ.
4. ನಲ್ಲಿಯ ತ್ರೆಡ್ ಒಳಗಡೆ ಇದ್ದರೆ 5ಕ್ಕೆ ಹೋಗಿರಿ. ಹೊರಗಡೆ ಇದ್ದರೆ ಮೊದಲು ಹಿತ್ತಾಳೆ ರಿಂಗನ್ನು ನಲ್ಲಿಗೆ ಕೂರಿಸಿರಿ.
5. ಏರೇಟರ್ ಮೇಲೆ ಕಪ್ಪು ವಾಷರ್ ಇಡಿರಿ. ವಾಷರ್ ಇಡಲೇಬೇಕು.
6. ಏರೇಟರನ್ನು ಪ್ರದಕ್ಷಿಣೆಯ ದಿಕ್ಕಿಗೆ ಕೈಯಿಂದ ತಿರುಗಿಸಿರಿ. ಸ್ಪ್ಯಾನರ್ ಹಾಕಬೇಡಿರಿ.
7. ಬೋರ್‌ವೆಲ್ ನೀರಾದರೆ ತಿಂಗಳಿಗೊಮ್ಮೆ ಜಾಲರಿ ತೆಗೆದು ಬಿಳಿ ಉಪ್ಪನ್ನು ತೊಳೆದರೆ ಒಳ್ಳೆಯದು.

9. ಬರೆದವರು ಸುಮ್ಮನೆ ಕೂರಿ

ಹಾಳೆಯನ್ನು ಪ್ಲಂಬರ್ ಒಬ್ಬರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಲ್ಲಿ. ಎಲ್ಲಿ ತಡೆದರು, ಎಲ್ಲಿ ಎರಡನೇ ಸಲ ಓದಿದರು, ಎಲ್ಲಿ ಓದುವುದನ್ನೇ ಬಿಟ್ಟರು ಅಂತ ಬರೆದುಕೊಳ್ಳಿ. ‘ಅರ್ಥ ಆಯ್ತಾ?’ ಅಂತ ಕೇಳಬೇಡಿ. ಎಲ್ಲರೂ ಆಯ್ತು ಅನ್ನುತ್ತಾರೆ.

ಕಾಮಾಕ್ಷಿಪಾಳ್ಯದಿಂದ ಬಂದಿದ್ದ ಪ್ಲಂಬರ್ ಐದು ಸಾಲು ಸಲೀಸಾಗಿ ಮುಗಿಸಿ ಆರರಲ್ಲಿ ನಿಂತರು. “ಅಕ್ಕಾ, ಪ್ರದಕ್ಷಿಣೆ ಅಂದ್ರೆ ಯಾವ ಕಡೆಯಿಂದ ನೋಡಿದ್ರೆ?”

ಮೇಲಿನಿಂದ ಸಿಂಕಿನೊಳಗೆ ನೋಡುವವರಿಗೆ ಒಂದು ದಿಕ್ಕು, ಕೆಳಗೆ ಬಗ್ಗಿ ನಲ್ಲಿಯ ಬಾಯಿ ನೋಡುವವರಿಗೆ ಅದರ ಉಲ್ಟಾ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ‘ಕೆಳಗಿನಿಂದ ನಲ್ಲಿಯ ಬಾಯಿ ನೋಡಿರಿ’ ಅಂತ ಒಂದು ಸಾಲು ಸೇರಿಸಿ, ಬಾಣದ ಗುರುತಿನ ಚಿತ್ರ ಹಾಕಿದೆವು. ಕನ್ನಡ ಓದಲು ಬಾರದ ಪ್ಲಂಬರ್‌ಗಳೂ ಈ ಊರಿನಲ್ಲಿ ಬಹಳ ಜನ ಇರುವುದರಿಂದ ಆಮೇಲೆ ಉಳಿದ ಸಾಲುಗಳಿಗೂ ಚಿತ್ರ ಬಂತು. ಮೂಲೆಯಲ್ಲಿ ‘ಆವೃತ್ತಿ 3’, ತಿಂಗಳು, ವರ್ಷ, ಫೋನ್ ಎತ್ತುವವರ ನಂಬರ್.

ಪ್ರಿಂಟಿಗೆ ಹೋಗುವ ಹಿಂದಿನ ದಿನ ಅಳಿಯ ಹಾಳೆಯ ತಲೆಯಲ್ಲಿ ‘ಅತ್ಯಂತ ಸುಲಭ ಜೋಡಣೆ’ ಅಂತ ಸೇರಿಸಿದ್ದ. ಪ್ಲಂಬರ್‌ಗೆ ಹನ್ನೊಂದು ನಿಮಿಷ ಹಿಡಿದಿತ್ತು. ಅದನ್ನು ಹೊಡೆದು ‘ಸುಮಾರು ಹನ್ನೊಂದು ನಿಮಿಷದ ಕೆಲಸ’ ಅಂತ ಬರೆದು ಕಳಿಸಿದೆವು.